ಮೊದಲ ದೊಡ್ಡ ರಾಕೆಟ್‌ಗೆ ಒಪ್ಪುವ ಕಿಟ್

ಅಮೆರಿಕದ ರಾಕೆಟ್ ಹವ್ಯಾಸಿಗಳು ಲೆವೆಲ್ 1 ಪ್ರಮಾಣಪತ್ರಕ್ಕಾಗಿ (ದೊಡ್ಡ ಮೋಟಾರುಗಳನ್ನು ಬಳಸಲು ಬೇಕಾದ ಮೊದಲ ಹಂತದ ಅರ್ಹತೆ) ಹಾರಿಸುವಂಥ, 4 ಅಂಗುಲ ವ್ಯಾಸದ ಈ ಕಿಟ್ಟನ್ನು ನಾನು ಮೂರು ವಾರಗಳ ಸಂಜೆಗಳಲ್ಲಿ ಜೋಡಿಸಿದೆ. ಪ್ಲೈವುಡ್ ರೆಕ್ಕೆಗಳು ಹೊರಕೊಳವೆಯ ಸೀಳಿನ ಮೂಲಕ ಹಾದು ಮೋಟಾರು ಕೂರುವ ಒಳಕೊಳವೆಗೇ ಅಂಟಿಕೊಳ್ಳುವುದರಿಂದ, ಎಚ್ ವರ್ಗದ ಮೋಟಾರಿನ (ಉರಿದು ಮುಗಿಯುವವರೆಗೆ ಅದು ಕೊಡುವ ಒಟ್ಟು ನೂಕು 160ರಿಂದ 320 ನ್ಯೂಟನ್-ಸೆಕೆಂಡ್) ನೂಕನ್ನು ಅವು ಗಟ್ಟಿಯಾಗಿ ತಾಳಿಕೊಳ್ಳುತ್ತವೆ. ಸೀಳುಗಳು ಎಷ್ಟು ಅಚ್ಚುಕಟ್ಟಾಗಿವೆಯೆಂದರೆ, ಎಪಾಕ್ಸಿ ಅಂಟು ಹಚ್ಚುವ ಮೊದಲೇ ರೆಕ್ಕೆ ತಾನಾಗಿ ನೆಟ್ಟಗೆ ನಿಂತಿತು. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಪ್ಯಾರಾಶೂಟ್ ಕಟ್ಟುವ ಎಲಾಸ್ಟಿಕ್ ಪಟ್ಟಿ ಮಾತ್ರ ತೀರಾ ಗಿಡ್ಡ. ಪ್ಯಾರಾಶೂಟ್ ಹೊರಬರಲು ಮೇಲೆ ರಾಕೆಟ್ಟಿನ ಮೂತಿ ಕಳಚಿದಾಗ, ಆ ಮೂತಿ ಪುಟಿದು ಬಂದು ಕೊಳವೆಯ ಅಂಚಿಗೆ ಬಡಿಯಬಹುದು. ಹಾನಿಯಾಗಿ ಇಳಿದ ರಾಕೆಟ್‌ಗೆ ಪ್ರಮಾಣಪತ್ರ ಸಿಗುವುದಿಲ್ಲ. ಆದ್ದರಿಂದ ಕೆವ್ಲಾರ್ ಎಂಬ ಬಲವಾದ ನಾರಿನ ಉದ್ದನೆಯ ಹಗ್ಗವನ್ನು ಬೇರೆ ತರಿಸಿ ಕಟ್ಟಿದೆ. ಸೂಚನಾಪತ್ರ ಸ್ಪಷ್ಟವಾಗಿದೆ. ಬಣ್ಣವನ್ನು ನಾವೇ ಕೊಳ್ಳಬೇಕು.