ಟಿಎಲ್‌ಬಿ ತೆರವು: ಒಂದೊಂದೇ ಪುಟವೋ, ಪೂರ್ತಿಯೋ, ತಡೆದು ಒಟ್ಟಿಗೋ?

ಕಲಬುರಗಿಯ ಸೇಡಂ ರಸ್ತೆಯ ರೂಮಿನಲ್ಲಿ ಲಿನಕ್ಸ್ ಡ್ರೈವರ್ (ಸಾಧನ ನಡೆಸುವ ತಂತ್ರಾಂಶ) ಬರೆಯುತ್ತಿರುವ ತಮ್ಮ ಕೇಳಿದ: "ಅಣ್ಣಾ, ಮ್ಯಾಪಿಂಗ್ ತೆಗೆದ ಮೇಲೆ ಟಿಎಲ್‌ಬಿಯಲ್ಲಿ ಉಳಿದ ಹಳೇ ವಿಳಾಸ ಹೇಗೆ ಅಳಿಸಲಿ?"

ಟಿಎಲ್‌ಬಿ ಅಂದರೆ ಯಾವ ವಿಳಾಸ ಮೆಮೊರಿಯ ಯಾವ ಪುಟಕ್ಕೆ (ಇಲ್ಲಿ 4 ಕೆಬಿ ತುಂಡು) ಹೋಗುತ್ತದೆ ಅನ್ನುವ ಮ್ಯಾಪಿಂಗನ್ನು ಪ್ರೊಸೆಸರ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಚಿಕ್ಕ ಪಟ್ಟಿ. ಮೊದಲು ಅಳಿಸುವ ಖರ್ಚು. ಎರಡು ಮೂರು ಪುಟ ಆದರೆ ಒಂದೊಂದೇ ಅಳಿಸು, ಉಳಿದ ವಿಳಾಸಗಳು ಹಾಗೇ ಇರುತ್ತವೆ. ನೂರಾರು ಪುಟ ಆದರೆ ಪೂರ್ತಿ ಅಳಿಸುವುದೇ ಸಲೀಸು. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ ಈ ಗಡಿ ಸಾಮಾನ್ಯವಾಗಿ 33 ಪುಟ, ಅಂದರೆ 132 ಕೆಬಿ.

ಆದರೆ ನಿಜವಾದ ಹೊರೆ ಬೇರೆ ಕಡೆ ಇದೆ. ಪ್ರತಿ ಕೋರ್‌ಗೂ ತನ್ನದೇ ಟಿಎಲ್‌ಬಿ ಇರುವುದರಿಂದ, ಕರ್ನಲ್ (ಓಎಸ್‌ನ ತಿರುಳು) ವಿಳಾಸ ಅಳಿಸಬೇಕಾದರೆ ಎಕ್ಸ್86ನಲ್ಲಿ ಸಾಮಾನ್ಯವಾಗಿ ಉಳಿದ ಕೋರ್‌ಗಳಿಗೆಲ್ಲ ಇಂಟರಪ್ಟ್ (ಕೆಲಸ ನಿಲ್ಲಿಸಿ ಗಮನ ಸೆಳೆಯುವ ಕರೆ) ಹೋಗುತ್ತದೆ. 8 ಕೋರ್ ಇದ್ದರೆ, ಒಂದು ಬಫರ್‌ (ಡೇಟಾ ಇಡುವ ಮೆಮೊರಿ ಜಾಗ) ಗಾಗಿ 7 ಕೋರ್ ಕೈಕೆಲಸ ಬಿಡಬೇಕು. 100 ಬಫರ್ ಬಿಡಿಬಿಡಿಯಾಗಿ ತೆಗೆದರೆ? ಇಲ್ಲಿ ತಡೆದು ಒಟ್ಟಿಗೆ ಅಳಿಸುವ ದಾರಿ ಗೆಲ್ಲುತ್ತದೆ. ಆರ್ಮ್64 ಪ್ರೊಸೆಸರ್‌ನಲ್ಲಿ ಹಾರ್ಡ್‌ವೇರೇ ಉಳಿದ ಕೋರ್‌ಗಳಿಗೆ ಸುದ್ದಿ ಮುಟ್ಟಿಸುವುದರಿಂದ ಈ ಲಾಭ ಕಡಿಮೆ.

ಸುರಕ್ಷತೆಗೆ ಬಂದರೆ ಲೆಕ್ಕ ತಿರುಗುತ್ತದೆ. ಸಾಧನ ಪ್ರೊಸೆಸರ್ ನೆರವಿಲ್ಲದೆ ನೇರವಾಗಿ ಮೆಮೊರಿ ಮುಟ್ಟುವುದೇ ಡಿಎಂಎ; ಆಗ ಸಾಧನದ ವಿಳಾಸಗಳನ್ನು ನೋಡಿಕೊಳ್ಳುವುದು ಐಒಎಂಎಂಯು, ಅದಕ್ಕೂ ತನ್ನದೇ ಟಿಎಲ್‌ಬಿ ಇದೆ. ಅದಕ್ಕೆ ಲೇಜಿ (ತಡೆದು ಅಳಿಸುವ) ಮೋಡ್ ಹಾಕಿದರೆ ಅಳಿಸುವ ಕೆಲಸ ಸುಮಾರು 10 ಮಿಲಿಸೆಕೆಂಡ್ ತಡವಾಗಬಹುದು. ಅಷ್ಟರಲ್ಲಿ ಆ ಪುಟ ಬೇರೆಯವರ ಕೈಸೇರಿದ್ದರೂ ಸಾಧನ ಅದರೊಳಗೆ ಬರೆಯಬಹುದು. ಭಯ ಆಗಬೇಕಾದ ಜಾಗ ಇದೇ ಅಲ್ವಾ? ಹೊರಗಿನಿಂದ ಚುಚ್ಚುವ ಥಂಡರ್‌ಬೋಲ್ಟ್ ಸಾಧನಕ್ಕೆ ಸ್ಟ್ರಿಕ್ಟ್ (ಕೂಡಲೇ ಅಳಿಸುವ) ಮೋಡೇ ಇರಲಿ. ಬೋರ್ಡಿನಲ್ಲೇ ಇರುವ, ನಂಬಿಕೆಯ, ಜಾಸ್ತಿ ಟ್ರಾಫಿಕ್‌ನ ನೆಟ್‌ವರ್ಕ್ ಕಾರ್ಡಿಗೆ ಲೇಜಿ ಸಾಕು.

ಸ್ಟ್ರಿಕ್ಟ್ ಬೇಕೇ ಬೇಕು, ವೇಗವೂ ಬೇಕು ಅನ್ನುವುದಾದರೆ ಬಫರ್‌ಗಳನ್ನು ಒಂದೇ ಸ್ಕ್ಯಾಟರ್ ಪಟ್ಟಿಗೆ (ಚದುರಿದ ಬಫರ್‌ಗಳ ಪಟ್ಟಿ) ಸೇರಿಸಿ ಒಂದೇ ಕರೆಯಲ್ಲಿ ಅನ್‌ಮ್ಯಾಪ್ ಮಾಡು ತಮ್ಮಾ.