ಹಬ್ ಮೋಟರ್ ಇ-ಸೈಕಲ್: ಎರಡು ವರ್ಷ ತುಳಿದ ಮೇಲೆ

ಹಿಂಚಕ್ರದ ನಡುವೆಯೇ ಕೂತ 250 ವ್ಯಾಟ್ ಮೋಟರ್ (ಹಬ್ ಮೋಟರ್), 36 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿ, 7 ಗಿಯರ್, ತುಳಿಯದೆಯೂ ಮೋಟರ್ ಓಡಿಸಲು ಥ್ರಾಟಲ್, ತೂಕ ಸುಮಾರು 22 ಕಿಲೋ. ಬೆಂಗಳೂರಿನ ದಿನನಿತ್ಯದ ಓಡಾಟಕ್ಕೆ ಇದು ಒಳ್ಳೆಯ ಸೈಕಲ್. ಆದರೆ ಇದನ್ನು ಸಣ್ಣ ಸ್ಕೂಟರ್ ಅಂದುಕೊಂಡು ಕೊಂಡವರಿಗೆ ನಿರಾಸೆಯಾಗುತ್ತದೆ. ತುಳಿತವೂ ಮೋಟರೂ ಎಲ್ಲಿ ಕೂಡುತ್ತವೆ ಎಂಬುದು ತಿಳಿದರೆ ಮಾತ್ರ ಇದರ ಪೂರ್ತಿ ಲಾಭ ಸಿಗುವುದು.

ಪೆಡಲ್ ಅಚ್ಚಿನ ಪಕ್ಕದಲ್ಲಿ ಪುಟ್ಟ ಆಯಸ್ಕಾಂತಗಳನ್ನು ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದರೆದುರಿಗೆ ಒಂದು ಸೆನ್ಸರ್. ಪೆಡಲ್ ಮುಂದಕ್ಕೆ ತಿರುಗಿದರೆ ಮೋಟರನ್ನು ನಿಯಂತ್ರಿಸುವ ಕಂಟ್ರೋಲರಿಗೆ ಸೂಚನೆ ಹೋಗಿ ಮೋಟರಿಗೆ ಕರೆಂಟ್ ಹರಿಯುತ್ತದೆ. ಕಾಲು ಎಷ್ಟು ಜೋರು ಹಾಕುತ್ತಿದೆ ಎಂಬುದು ಈ ಸೆನ್ಸರಿಗೆ ಗೊತ್ತೇ ಆಗುವುದಿಲ್ಲ, ತಿರುಗುತ್ತಿದೆಯೋ ಇಲ್ಲವೋ ಅಷ್ಟೇ ಗೊತ್ತು. ಹಾಗಾಗಿ ಹೊರಡುವಾಗ ಪೆಡಲ್ ಕಾಲು ಸುತ್ತೋ ಅರ್ಧ ಸುತ್ತೋ ತಿರುಗುವವರೆಗೆ ಮೋಟರ್ ಸುಮ್ಮನಿರುತ್ತದೆ. ತುಳಿಯುವುದನ್ನು ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುತ್ತಲೇ ಇರುತ್ತದೆ. ಟ್ರಾಫಿಕ್‌ನಲ್ಲಿ ಈ ಒಂದು ಕ್ಷಣವೇ ಅಪಾಯ. ಅದಕ್ಕೆಂದೇ ಎರಡೂ ಬ್ರೇಕ್ ಲಿವರುಗಳಲ್ಲಿ ಕಟ್-ಆಫ್ ಸ್ವಿಚ್ ಇದೆ: ಲಿವರನ್ನು ಸ್ವಲ್ಪ ಎಳೆದರೂ ಸಾಕು, ಮೋಟರ್ ನಿಲ್ಲುತ್ತದೆ. ಜನಸಂದಣಿಯಲ್ಲಿ ಒಂದು ಬೆರಳು ಲಿವರಿನ ಮೇಲೇ ಇರಲಿ.

ಟಾರ್ಕ್ ಸೆನ್ಸರ್ ಇರುವ ದುಬಾರಿ ಸೈಕಲ್‌ಗಳಲ್ಲಿ ಈ ತೊಡಕಿಲ್ಲ. ಪೆಡಲ್ ಮೇಲೆ ಬಿದ್ದ ಬಲವನ್ನೇ ಅಳೆದು, ಜೋರಾಗಿ ತುಳಿದರೆ ಜಾಸ್ತಿ, ಮೆಲ್ಲಗೆ ತುಳಿದರೆ ಕಡಿಮೆ ನೆರವು ಕೊಡುತ್ತವೆ.

ಏರಿನಲ್ಲಿ ಹೆಚ್ಚಿನವರು ತಪ್ಪುವುದು ಗಿಯರ್ ವಿಷಯದಲ್ಲಿ. ಹಬ್ ಮೋಟರಿನ ಶಕ್ತಿ ಚೈನಿನ ಮೂಲಕ ಬರುವುದಿಲ್ಲ, ನೇರ ಚಕ್ರಕ್ಕೇ ಸೇರುತ್ತದೆ. ಗಿಯರ್ ಬದಲಿಸಿದರೆ ಹಗುರಾಗುವುದು ಕಾಲಿಗೆ ಮಾತ್ರ, ಮೋಟರಿಗಲ್ಲ. ಚಕ್ರ ತೀರಾ ನಿಧಾನವಾದರೆ ಮೋಟರ್ ಎಳೆದುಕೊಂಡ ಕರೆಂಟಿನ ಬಹುಪಾಲು ಬರೀ ಬಿಸಿಯಾಗಿ ಹೋಗುತ್ತದೆ. 70 ಕಿಲೋ ತೂಗುವವರು 5 ಶೇಕಡಾ ಏರನ್ನು 12 ಕಿ.ಮೀ. ವೇಗದಲ್ಲಿ ಹತ್ತಲು, ಗಾಳಿ ಮತ್ತು ಟಯರಿನ ತಡೆ ಬಿಟ್ಟು, ಏರಿಗೇ ಸುಮಾರು 150 ವ್ಯಾಟ್ ಬೇಕು. ಇದರಲ್ಲಿ ಕಾಲು 70-80 ವ್ಯಾಟ್ ಕೊಟ್ಟರೂ ಮೋಟರಿನ ಹೊರೆ ಅರ್ಧಕ್ಕೆ ಇಳಿಯಿತು. ಫ್ಲೈಓವರ್ ಶುರುವಾಗುವ ಮೊದಲೇ 2ನೇ ಗಿಯರಿಗೆ ಇಳಿಸಿ, ಕಾಲು ಚುರುಕಾಗಿ ತಿರುಗಿಸುತ್ತ ವೇಗ 12ರ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಏರಿನ ನಡುವೆ ನಿಂತು ಮತ್ತೆ ಹೊರಡಬೇಕಾದರೆ ಥ್ರಾಟಲನ್ನು ಎರಡು ಮೂರು ಸೆಕೆಂಡು ಬಳಸಿ, ಆಮೇಲೆ ಬಿಟ್ಟುಬಿಡಿ.

ಬ್ಯಾಟರಿಯಲ್ಲಿರುವುದು 360 ವ್ಯಾಟ್-ಅವರ್. ಮಧ್ಯಮ ಮಟ್ಟದ ನೆರವಿನಲ್ಲಿ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಅವರ್ ಖರ್ಚಾಗುತ್ತದೆ, ಅಂದರೆ 30-35 ಕಿ.ಮೀ. ಬರೀ ಥ್ರಾಟಲ್‌ನಲ್ಲಿ ಓಡಿಸಿದರೆ 20-25ಕ್ಕೆ ಮುಗಿಯುತ್ತದೆ. ಏರು ಹತ್ತುವಾಗ ಡಿಸ್‌ಪ್ಲೇಯಲ್ಲಿ ಬ್ಯಾಟರಿಯ ಒಂದೆರಡು ಗೆರೆ ಇಳಿದು, ಸಮತಟ್ಟಿಗೆ ಬಂದಾಗ ವಾಪಸ್ ಬರುತ್ತವೆ. ಅದು ಕೆಟ್ಟಿರುವುದಲ್ಲ, ಭಾರ ಬಿದ್ದಾಗ ವೋಲ್ಟೇಜ್ ತಗ್ಗುವುದು.

ಇನ್ನು ಕೈಕೊಡುವ ಭಾಗಗಳು. ಮೋಟರ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ಚಿಕ್ಕ ಭಾಗಗಳನ್ನು ನೋಡಿ. ಡಿಸ್‌ಪ್ಲೇ ಹತ್ತಿದ್ದರೂ ನೆರವು ಒಂಚೂರೂ ಬರುತ್ತಿಲ್ಲವೆಂದರೆ ಮೊದಲ ಅನುಮಾನ ಬ್ರೇಕ್ ಸ್ವಿಚ್ಚಿನ ಮೇಲೆ. ಧೂಳು ಕೂತು ಲಿವರ್ ಪೂರ್ತಿ ಹಿಂದೆ ಬರದಿದ್ದರೆ ಬ್ರೇಕ್ ಹಿಡಿದೇ ಇದೆ ಎಂದು ಕಂಟ್ರೋಲರ್ ತಿಳಿಯುತ್ತದೆ. ನಿಂತ ಸೈಕಲ್‌ನಲ್ಲಿ ಹಿಂಚಕ್ರ ಎತ್ತಿ, ಬ್ರೇಕ್ ಸ್ವಿಚ್ಚುಗಳ ಕನೆಕ್ಟರನ್ನು ಒಂದೊಂದಾಗಿ ಕಳಚಿ ಪೆಡಲ್ ತಿರುಗಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಪತ್ತೆಯಾದ ಮೇಲೆ ಮತ್ತೆ ಜೋಡಿಸದೆ ರಸ್ತೆಗೆ ಇಳಿಯಬೇಡಿ. ನೆರವು ಬಂದು ಬಂದು ಹೋಗುತ್ತಿದ್ದರೆ ಆಯಸ್ಕಾಂತದ ಬಿಲ್ಲೆ ಅಲುಗಾಡಿದೆ, ಇಲ್ಲವೇ ಸೆನ್ಸರಿಗೂ ಬಿಲ್ಲೆಗೂ ನಡುವಿನ ಕೆಲವೇ ಮಿಲಿಮೀಟರಿನ ಸಂದಿ ಹೆಚ್ಚಿದೆ. ಪೆಡಲ್ ಅಚ್ಚು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಬಿಲ್ಲೆಯನ್ನು ಉಲ್ಟಾ ಹಾಕಿದರೂ ನೆರವು ನಿಂತುಹೋಗುತ್ತದೆ.

ಮಳೆಗಾಲದಲ್ಲಿ ಮೋಟರ್ ವೈರಿನ ಕನೆಕ್ಟರನ್ನು ಬಿಚ್ಚಿ ಒಣಗಿಸಿ, ಮೇಲಿನ ಬಾಣದ ಗುರುತುಗಳನ್ನು ಎದುರುಬದುರು ಇಟ್ಟು ನೇರವಾಗಿ ಒತ್ತಿ. ತಿರುಚಿದರೆ ಒಳಗಿನ ಪಿನ್ ಬಗ್ಗುತ್ತದೆ. ಪ್ರೆಶರ್ ವಾಷರ್ ಬೇಡವೇ ಬೇಡ.

ಹಿಂಚಕ್ರದ ಅಚ್ಚಿನ ನಟ್ಟುಗಳನ್ನು ತಿಂಗಳಿಗೊಮ್ಮೆ ಮರೆಯದೆ ನೋಡಿ. ಸಡಿಲವಾದರೆ ಮೋಟರಿನ ಬಲಕ್ಕೆ ಅಚ್ಚೇ ಹೊರಳಿ ವೈರ್ ಕತ್ತರಿಸಿಹೋಗುತ್ತದೆ, ಆ ದುರಸ್ತಿ ದುಬಾರಿ. ಅಚ್ಚು ತಿರುಗದಂತೆ ತಡೆಯುವ ಹಲ್ಲಿರುವ ವಾಷರನ್ನು ಪಂಕ್ಚರ್ ಅಂಗಡಿಯಲ್ಲಿ ಕಳೆದುಕೊಳ್ಳಬೇಡಿ.

ಅಂದಹಾಗೆ, ಪಂಕ್ಚರಿಗೆ ಚಕ್ರ ಬಿಚ್ಚಬೇಕೆಂದೇ ಇಲ್ಲ. ಸೈಕಲ್ ಮಲಗಿಸಿ, ಟಯರಿನ ಒಂದು ಬದಿ ಎಬ್ಬಿಸಿ ಟ್ಯೂಬ್ ಎಳೆದು ಪ್ಯಾಚ್ ಹಾಕಬಹುದು. ಟ್ಯೂಬೇ ಬದಲಿಸಬೇಕಾದರೆ ಮಾತ್ರ ಕನೆಕ್ಟರ್ ಕಳಚಿ ನಟ್ಟು ಬಿಚ್ಚುವ ಕೆಲಸ.

ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ತೋರಿಸಬೇಕು. 2 ಆಂಪಿಯರ್ ಚಾರ್ಜರಿಗೆ ಐದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಊರಿಗೆ ಹೋಗಿ ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ ಇಡಿ. ಖಾಲಿ ಬಿಟ್ಟ ಬ್ಯಾಟರಿ ಮತ್ತೆ ಏಳದೇ ಇರಬಹುದು.

ವೇಗದ ಮಿತಿ ತೆಗೆದುಕೊಡುತ್ತೇವೆ ಎನ್ನುವ ಅಂಗಡಿಯವರಿಗೆ ಬೇಡ ಎನ್ನಿ. ನೋಂದಣಿ, ಲೈಸೆನ್ಸ್ ಬೇಡವೆಂಬ ವಿನಾಯಿತಿ ಸಿಗುವುದು ವೇಗ ಗಂಟೆಗೆ 25 ಕಿ.ಮೀ.ಯೊಳಗೆ ಇದ್ದರೆ ಮಾತ್ರ.

ಕೊಳ್ಳುವ ಮೊದಲು ಮೋಟರ್ ಆಫ್ ಮಾಡಿ ಎರಡು ಕಿಲೋಮೀಟರ್ ತುಳಿದು ನೋಡಿ. ಬ್ಯಾಟರಿ ಮುಗಿದ ದಿನ ಮನೆಗೆ ಬರಬೇಕಾದದ್ದು ಹಾಗೆಯೇ.