ಲಿಂಗ್‌ಝಿ ಕ್ಯಾಪ್ಸೂಲ್: ಕ್ಯಾನ್ಸರ್ ರೋಗಿಗೆ ಕೊಡುವ ಮೊದಲು ನೋಡಬೇಕಾದದ್ದು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಏಜೆಂಟರ ಕೈಯಲ್ಲಿ ಮನೆಬಾಗಿಲಿಗೇ ಬರುವ ಲಿಂಗ್‌ಝಿ ಎಂಬ ಅಣಬೆಯ ಡಬ್ಬಿಯಲ್ಲಿ ಸಾಮಾನ್ಯವಾಗಿ 60 ಕ್ಯಾಪ್ಸೂಲ್, ಒಂದೊಂದರಲ್ಲಿ 500 ಮಿಲಿಗ್ರಾಂ ಪುಡಿ ಇರುತ್ತದೆ. ರೀಷಿ ಎಂದು ಬರೆದಿದ್ದರೂ ವಸ್ತು ಅದೇ. "ಚೀನಾದ ಅಣಬೆ, ಗಡ್ಡೆ ಕರಗಿಸುತ್ತದೆ" ಎಂದು ಮಾರುವವರು ಹೇಳುತ್ತಾರೆ; ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ "ಔಷಧ ಬಳಕೆಗೆ ಅಲ್ಲ" ಎಂದಿರುತ್ತದೆ. ನಂಬಬೇಕಾದದ್ದು ಹಿಂದಿನ ಬರಹವನ್ನು. ಆಹಾರ ಪೂರಕದ ಲೈಸೆನ್ಸಿನಲ್ಲಿ ಬರುವ ಮಾಲಿಗೆ ರೋಗ ಗುಣಪಡಿಸುವ ಮಾತು ಹೇಳಲು ಅನುಮತಿಯಿಲ್ಲ. ಕ್ಯಾನ್ಸರ್ ವಾಸಿಮಾಡುತ್ತದೆಂದು ಔಷಧಿಯ ಜಾಹೀರಾತು ಕೊಡುವುದನ್ನಂತೂ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ.

ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಒಳಗಿರುವುದು ಬರೀ ಪುಡಿಯೋ, ಸಾರವೋ ಎಂದು. ಚೀನಾದ ಅಧಿಕೃತ ಔಷಧಕೋಶ ಒಣ ಅಣಬೆಗೆ ಹೇಳುವ ಪ್ರಮಾಣ ದಿನಕ್ಕೆ 6ರಿಂದ 12 ಗ್ರಾಂ, ಅದೂ ಕುದಿಸಿ ಕಷಾಯ ಮಾಡಿ. ದಿನಕ್ಕೆರಡು ಕ್ಯಾಪ್ಸೂಲ್ ಅಂದರೆ ಒಂದೇ ಗ್ರಾಂ. ಬರೀ ಪುಡಿಯಾದರೆ ಕನಿಷ್ಠ ಪ್ರಮಾಣದ ಆರನೇ ಒಂದು ಪಾಲೂ ದೇಹಕ್ಕೆ ಸಿಕ್ಕೀತೆಂದು ಹೇಳುವಂತಿಲ್ಲ, ಯಾಕೆಂದರೆ ಈ ಅಣಬೆ ಮರದ ಹಾಗೆ ಗಟ್ಟಿ, ಕುದಿಸದೆ ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಂಥ ಅಂಶ ಸರಿಯಾಗಿ ಬಿಡುವುದಿಲ್ಲ. ಕಹಿ ಕೊಡುವ ಟ್ರೈಟರ್ಪೀನ್‌ಗಳು ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಸರಿಯಾದ ಸಾರಕ್ಕೆ ಬಿಸಿನೀರು, ಆಲ್ಕೋಹಾಲ್ ಎರಡೂ ಬೇಕು.

"ಪಾಲಿಸ್ಯಾಕರೈಡ್ 30%" ಎಂಬ ದೊಡ್ಡಕ್ಷರಕ್ಕೆ ಮರುಳಾಗಬೇಡಿ. ಪಾಲಿಸ್ಯಾಕರೈಡ್ ಅಂದರೆ ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿದ ವಸ್ತು; ಬೀಟಾ ಗ್ಲೂಕನ್ನಿನ ಹಾಗೆ ಪಿಷ್ಟವೂ ಪಾಲಿಸ್ಯಾಕರೈಡೇ. ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಬೂಷ್ಟನ್ನು ಧಾನ್ಯದ ಸಮೇತ ಪುಡಿಮಾಡಿದರೂ ಅಂಕಿ ಏರುತ್ತದೆ. ಬೀಟಾ ಗ್ಲೂಕನ್ ಎಷ್ಟೆಂದು ಬೇರೆಯಾಗಿ ಬರೆದಿರಬೇಕು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಒಂದು ಕ್ಯಾಪ್ಸೂಲ್ ಬಿಚ್ಚಿ ಕಾಲು ಲೋಟ ನೀರಿಗೆ ಹಾಕಿ, ಎರಡು ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ತಿಳಿಯನ್ನು ಬಿಳಿ ಬಟ್ಟಲಿಗೆ ಬಗ್ಗಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಎರಡು ಹನಿ ಬಿಡಿ. ನೀಲಿಗಪ್ಪು ಬಂದರೆ ಪಿಷ್ಟ ಇದೆ. ಬಿಸಿಯಿರುವಾಗ ಹಾಕಿದರೆ ಬಣ್ಣ ಕಟ್ಟುವುದಿಲ್ಲ. ಬಣ್ಣ ಬರಲಿಲ್ಲ ಎಂದ ಮಾತ್ರಕ್ಕೆ ಮಾಲು ಒಳ್ಳೆಯದೆಂದೂ ಅಲ್ಲ; ನಾಲಗೆಗಿಟ್ಟರೆ ಕಹಿಯೇ ಇಲ್ಲದ ಪುಡಿಯಲ್ಲಿ ಟ್ರೈಟರ್ಪೀನ್ ಅಷ್ಟಕ್ಕಷ್ಟೇ.

ಒಳ್ಳೆಯ ಸಾರವೇ ಸಿಕ್ಕಿತೆನ್ನೋಣ. ಗಡ್ಡೆ ಕರಗುತ್ತದೆಯೇ? ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯುವುದು ನಿಜ, ಆದರೆ ಅಲ್ಲಿ ಸುರಿಯುವಷ್ಟು ಪ್ರಮಾಣ ನುಂಗಿದ ಕ್ಯಾಪ್ಸೂಲಿನಿಂದ ರಕ್ತಕ್ಕೆ ಸೇರುವುದಿಲ್ಲ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಒಟ್ಟುಗೂಡಿಸಿತ್ತು: ಐದು ಪ್ರಯೋಗ, 373 ರೋಗಿಗಳು. ಕೀಮೋ ಅಥವಾ ರೇಡಿಯೇಶನ್ ಜೊತೆಗೆ ಲಿಂಗ್‌ಝಿ ಕೊಟ್ಟವರಲ್ಲಿ ಚಿಕಿತ್ಸೆಗೆ ಸ್ಪಂದನೆ ಸ್ವಲ್ಪ ಹೆಚ್ಚು ಕಂಡಿತು. ಲಿಂಗ್‌ಝಿ ಒಂದನ್ನೇ ಕೊಟ್ಟಾಗ ಆ ಫಲ ಕಾಣಲಿಲ್ಲ. ಆಯುಸ್ಸು ಹೆಚ್ಚುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲ.

ಚೀನಾದ ಗಿಡಮರಗಳಿಂದ ಕ್ಯಾನ್ಸರಿಗೆ ಔಷಧಿ ಬಂದೇ ಇಲ್ಲ ಎನ್ನುವುದೂ ತಪ್ಪು. ಅಲ್ಲಿನ ಷಿಷು ಮರದಿಂದ ವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ನಮ್ಮ ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದಲ್ಲೂ ಇದೆ. ಅದನ್ನು ನೇರವಾಗಿ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪ್ರಯೋಗ ನಿಂತಿತು. ಅಣುವನ್ನು ಮಾರ್ಪಡಿಸಿದ ಮೇಲೆಯೇ ಇರಿನೊಟೆಕಾನ್, ಟೊಪೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದದ್ದು. ಇರಿನೊಟೆಕಾನನ್ನು ಇವತ್ತಿಗೂ ದೇಹದ ಅಳತೆ ನೋಡಿ, ರಕ್ತ ಪರೀಕ್ಷೆ ಮಾಡಿ, ಡ್ರಿಪ್‌ನಲ್ಲಿ ಕೊಡುತ್ತಾರೆ.

ತಲಶ್ಶೇರಿಗೋ ಮಂಗಳೂರಿಗೋ ಕೀಮೋಗೆ ಹೋಗುತ್ತಿರುವವರ ಮನೆಯಲ್ಲಿ ಡಬ್ಬಿ ಈಗಾಗಲೇ ಇದ್ದರೆ, ಮುಚ್ಚಿಡದೆ ಲೇಬಲ್ಲಿನ ಫೋಟೋ ಡಾಕ್ಟರಿಗೆ ತೋರಿಸಿ. ಲಿಂಗ್‌ಝಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಕೀಮೋದಿಂದ ಪ್ಲೇಟ್‌ಲೆಟ್ ಇಳಿದವರಿಗೆ, ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ, ಆಪರೇಶನ್ ಹತ್ತಿರವಿರುವವರಿಗೆ ಇದು ಬೇಡ. ಪುಡಿ ತಿಂದವರಲ್ಲಿ ಲಿವರ್ ಕೆಟ್ಟ ವರದಿಗಳೂ ಇವೆ. ಆಗ ಲಿವರಿನ ತೊಂದರೆ ಕೀಮೋದ್ದೋ ಕ್ಯಾಪ್ಸೂಲಿನದ್ದೋ ಗೊತ್ತಾಗದೆ ಕೀಮೋವನ್ನೇ ಮುಂದೂಡಬೇಕಾದೀತು. ಲಿಂಗ್‌ಝಿಯ ಬೀಜಕಣದ ಪುಡಿ ತಿನ್ನುವವರಲ್ಲಿ, ಕ್ಯಾನ್ಸರಿನ ಸುಳಿವು ನೋಡುವ ಸಿಎ 72-4 ಎಂಬ ರಕ್ತ ಪರೀಕ್ಷೆಯ ಅಂಕಿ ಸುಮ್ಮನೆ ಏರಿ, ರೋಗ ಮರುಕಳಿಸಿತೆಂದು ಮನೆಮಂದಿ ಕಂಗಾಲಾಗುವುದುಂಟು.

ಹಾಗೆಂದು ದುಡ್ಡು ಉಳಿಸಲು ಅಡಿಕೆ ಮರದ ಬುಡದಲ್ಲಿ ಏಳುವ ಕೆಂಗಂದು ಅಣಬೆಯನ್ನು ಕಿತ್ತು ಕಷಾಯ ಮಾಡಬೇಡಿ. ನಮ್ಮ ತೋಟಗಳ ಅಣಬೆ ರೋಗ ತರುವ ಗ್ಯಾನೊಡರ್ಮಾ ಶಿಲೀಂಧ್ರ, ಲಿಂಗ್‌ಝಿಯ ಕುಲದ್ದೇ ಹೌದು, ಆದರೆ ಜಾತಿ ಅದೇ ಎನ್ನುವಂತಿಲ್ಲ; ಬುಡಕ್ಕೆ ಸುರಿದ ಶಿಲೀಂಧ್ರನಾಶಕ, ಗೊನೆಗೆ ಸಿಂಪಡಿಸಿದ ಬೋರ್ಡೋದ ತಾಮ್ರ ಎಲ್ಲವೂ ಅದರ ಮೈಮೇಲಿರಬಹುದು. ಅದನ್ನು ಕಿತ್ತು ಸುಟ್ಟು, ರೋಗ ಬಂದ ಮರದ ಸುತ್ತ ಕಣಿ ತೋಡಿ ಬೇರು ಬೇರ್ಪಡಿಸಿ.